ನಾಲ್ಕನೇ ನಂಬರ್ ಐರನ್

ಚೆಂಡು ಬಲೆಯ ಬಲಮೂಲೆಗೆ ಬಡಿದು ಕೆಳಗೆ ಬಿತ್ತು. ಹೊಡೆತದ ದೂರ ಅಳೆಯುವ ಪರದೆಯ ಮೇಲೆ ನೂರ ಮೂವತ್ತೊಂದು ಗಜ ಎಂದು ಮೂಡಿತು.

"ನಿಮ್ಮ ಮಷೀನ್ ಸಮ ಇಲ್ಲ," ಎಂದರು ಸುಕೇಶ್ ಶೆಟ್ಟಿ. ಘಾಟ್ಕೋಪರಿನಲ್ಲಿ ಅವರ ಎರಡು ಹೋಟೆಲುಗಳಿದ್ದವು. ಗಾಲ್ಫ್ ಕ್ಲಬ್ಬಿನ ಮೆಂಬರಾಗಿ ನಾಲ್ಕು ವರ್ಷವಾಗಿತ್ತು. "ಎ.ಸಿ. ಸಹ ಇಲ್ಲ. ಇದೆಂತ ಅಂಗಡಿ ಮಾರಾಯ್ತಿ?"

"ಎ.ಸಿ. ಮುಂಜಾನಿಂದ ಕೆಟ್ಟದ ಸರ್. ಇನ್ನೊಮ್ಮೆ ಹೊಡೀರಿ," ಎಂದಳು ಗಿರಾಕಿಗಳಿಗೆ ತಕ್ಕ ಗಾಲ್ಫ್ ಕೋಲು ಆರಿಸಿಕೊಡುವ ಲಾವಣ್ಯಾ.

ಅಂಧೇರಿಯ ಆ ಅಂಗಡಿಯ ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಅವರು ತಂದಿದ್ದ ಹಳೆಯ ನಾಲ್ಕನೇ ನಂಬರ್ ಐರನ್ ಕೋಲಿನ ಚಪ್ಪಟೆ ಮುಖಕ್ಕೆ ಲಾವಣ್ಯಾ ಟೇಪು ಅಂಟಿಸಿದ್ದಳು. ಚೆಂಡು ತಗುಲಿದಲ್ಲಿ ನೀಲಿ ಗುರುತು ಮೂಡುವ ಟೇಪು. ಐದು ಹೊಡೆತವಾದ ಮೇಲೆ ಬಿಡಿಸಿ ತೋರಿಸಿದಳು. ಐದೂ ಗುರುತು ತುದಿಯಲ್ಲೇ ಇದ್ದವು. ನಡುವೆ ಒಂದೂ ಇರಲಿಲ್ಲ.

"ನನಗೆ ನಮ್ಮ ಕ್ಲಬ್ಬಿನ ಹಿತೇಶನ ಹತ್ರ ಉಂಟಲ್ಲ, ಅಂಥದ್ದು ಬೇಕು. ತೆಳು ಐರನ್. ನೋಡ್ಲಿಕ್ಕೆ ಕತ್ತಿಯ ಹಾಗೆ ಇರ್ತದೆ."

"ಅವು ನಡುವ ತಗಲಿದ್ರಷ್ಟ ಹೋಗ್ತಾವ. ನಿಮಗ ಅಗಲ ತಳದ ಐರನ್ ಬೇಕು. ಮೂರು, ನಾಲ್ಕನೇ ನಂಬರಿನ ಬದಲಿ ಹೈಬ್ರಿಡ್ ಇಟ್ಕೋರಿ. ಅಂಚಿಗೆ ಬಡದ್ರೂ ಚೆಂಡು ಮುಂದ ಹೋಗ್ತದ. ತಪ್ಪು ಮಾಫ್ ಮಾಡೋ ಕೋಲು ಅದು."

"ಮಾಫಿ ಕೇಳ್ಲಿಕ್ಕೆ ನಾನೆಂತ ಕಳ್ಳನಾ?"

ಅವಳು ಒಂದು ಹೈಬ್ರಿಡ್ಡಿಗೆ ಟೇಪು ಅಂಟಿಸಿ ಮುಂದೆ ಹಿಡಿದಳು. ಅದರ ಗುಂಡು ತಲೆ ನೋಡಿ ಶೆಟ್ಟರು, "ಸಾಂಬಾರಿನ ಸೌಟು!" ಎಂದು ನಕ್ಕರು. ಆದರೂ ಹೊಡೆದರು. ನೂರ ಅರವತ್ತೆಂಟು ಗಜ, ನೆಟ್ಟಗೆ. ಮತ್ತೆ ಹೊಡೆದರು. ಮತ್ತೆ ನೆಟ್ಟಗೆ. ಗುರುತುಗಳೇನೋ ಮೊದಲಿನಂತೆ ತುದಿಯಲ್ಲೇ ಇದ್ದವು.

"ಇದನ್ನು ನನಗೆ ಯಾರೂ ಹೇಳ್ಲೇ ಇಲ್ಲವಲ್ಲ!"

"ಹೇಳ್ಯಾರ ಸರ್. ಹೋದ ತಿಂಗಳು, ಕೆರಿ ದಂಡ್ಯಾಗ. 'ನಾಲ್ಕನೇ ನಂಬರ್ ಬ್ಯಾಡ ಶೆಟ್ರ, ಕೈಗೆ ಕೂಡೂದಿಲ್ಲ, ಒಂದು ಹೈಬ್ರಿಡ್ ತಗೋರಿ. ಸದ್ಯ ಏಳನೇ ನಂಬರಿನಿಂದ ಸಣ್ಣಗ ಹೊಡೀರಿ' ಅಂದಿದ್ದ ನಮ್ಮಪ್ಪ."

ಶೆಟ್ಟರ ನಗು ನಿಂತಿತು. "ಈರಣ್ಣನ ಮಗಳಾ ನೀನು?"

ಈರಣ್ಣ ಇಪ್ಪತ್ತಾರು ವರ್ಷ ಆ ಕ್ಲಬ್ಬಿನಲ್ಲಿ ಮೆಂಬರುಗಳ ಚೀಲ ಹೊತ್ತ ಕ್ಯಾಡಿ. ಹೊಡೆತ ಕೆಟ್ಟರೆ ಕ್ಯಾಡಿಯಾದವನು 'ಗಾಳಿ ಇತ್ತು ಸಾಬ್' ಎನ್ನಬೇಕು; ಅದು ಅಲ್ಲಿಯ ರಿವಾಜು. ಅಂದು ಅವನ ಮಾತು ಮೀರಿ ನಾಲ್ಕನೇ ನಂಬರಿನಿಂದಲೇ ಹೊಡೆದ ಶೆಟ್ಟರ ಚೆಂಡು ಕೆರೆಗೆ ಬಿದ್ದಾಗ ಈರಣ್ಣ ಆ ಮಾತು ಅನ್ನಲಿಲ್ಲ. ಜೊತೆಗಿದ್ದ ಹಿತೇಶ್ ಜೋರಾಗಿ ನಕ್ಕ. ಕ್ಯಾಡಿ ತಪ್ಪು ಕೋಲು ಕೊಟ್ಟನೆಂದು ಶೆಟ್ಟರು ಮರುದಿನವೇ ದೂರು ಬರೆದರು. ಕ್ಲಬ್ಬಿನವರು ಈರಣ್ಣನ ನಂಬರ್ ಬಿಲ್ಲೆ ಕಿತ್ತುಕೊಂಡರು; ಅದಿಲ್ಲದೆ ಕೆಲಸವಿಲ್ಲ. ಅದನ್ನು ತಿರುಗಿ ಕೊಡಬೇಕೋ ಬೇಡವೋ ಎಂದು ಕಮಿಟಿ ಭಾನುವಾರ ತೀರ್ಮಾನಿಸುವುದಿತ್ತು.

"ದೂರು ವಾಪಸ್ ತಗೋರಿ ಸರ್," ಎಂದಳು ಲಾವಣ್ಯಾ.

"ಅದಕ್ಕೆ ಇಷ್ಟೆಲ್ಲ ನಾಟಕವಾ? ಗಾಳಿ ಇತ್ತು ಅಂದಿದ್ರೆ ನಿನ್ನ ಅಪ್ಪನ ಗಂಟು ಹೋಗ್ತಿತ್ತಾ?"

"ಅವತ್ತ ಗಾಳಿ ಇರಲಿಲ್ಲ."

"ನಾನು ಇತ್ತು ಅಂದ ಮೇಲೆ ಇತ್ತು."

ಅವರು ಹೈಬ್ರಿಡ್ಡನ್ನು ನೆಲಕ್ಕೆಸೆದು, ಗೋಡೆಗೆ ಒರಗಿಸಿದ್ದ ತೆಳು ಐರನ್ ಎತ್ತಿಕೊಂಡರು. "ಇದೇ ಬೇಕು ನನಗೆ. ಪ್ಯಾಕ್ ಮಾಡು."

"ಒಮ್ಮೆ ಹೊಡದ ನೋಡ್ರಿ," ಎಂದು ಅವಳು ಅದಕ್ಕೂ ಟೇಪು ಅಂಟಿಸಿದಳು.

ಶೆಟ್ಟರು ಹಲ್ಲು ಕಚ್ಚಿ ಬೀಸಿದರು. ಚೆಂಡು ಪಕ್ಕದ ಗೋಡೆಗೆ ಬಡಿದು, ಉರುಳಿ ಬಂದು ಅವರ ಬೂಟಿನ ಬಳಿಯೇ ನಿಂತಿತು.

ಅವರು ಬೆವರು ಒರೆಸಿಕೊಂಡರು. ಜೇಬಿನಿಂದ ಫೋನ್ ತೆಗೆದು, ಕ್ಲಬ್ಬಿನ ಸೆಕ್ರೆಟರಿಯ ಹೆಸರು ಹುಡುಕಿ, ಅವಳಿಗೆ ತೋರಿಸಿದರು. ಬೆರಳು ಹೆಸರಿನ ಮೇಲೆಯೇ ಇತ್ತು.

"ಅಪ್ಪ ಹೇಳದ್ದನ್ನು ನೀನು ಹೇಳು. ಈಗಲೇ ಫೋನ್ ಮಾಡ್ತೇನೆ, ದೂರು ಕ್ಯಾನ್ಸಲ್. ಹೇಳು, ಎಂತ ಆಯ್ತು ಈಗ?"

ಲಾವಣ್ಯಾ ಫೋನನ್ನು ನೋಡಿದಳು. ಆಮೇಲೆ ಬಗ್ಗಿ, ಐರನ್ನಿನ ಮುಖದಿಂದ ಟೇಪನ್ನು ನಿಧಾನವಾಗಿ ಬಿಡಿಸಿದಳು. ಒಂದೇ ಗುರುತು, ಹಿಡಿಯ ಕಡೆಯ ಅಂಚಿನಲ್ಲಿ. ಅದನ್ನು ಶೆಟ್ಟರ ಮುಖದೆದುರು ಎತ್ತಿ ಹಿಡಿದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳ ಎರಡು ಬೆರಳುಗಳ ನಡುವೆ ನೇತಾಡುತ್ತಿದ್ದ ಟೇಪು ತುಸುವೂ ಅಲುಗಲಿಲ್ಲ.