ಮೂರು ಮೊಹರು, ಒಂದು ಡ್ರಾಯರು

ಮೊಹರು ಗುಮಾಸ್ತನಿಗೆ ಮಂಡಿನೋವು. ಯಾರನ್ನೇ ಜೈಲಿಗೆ ಕಳಿಸಬೇಕಾದರೂ ಕಾಗದಕ್ಕೆ ಮೂರು ಮೊಹರು ಬೀಳಬೇಕಿತ್ತು: ಕೆಳಗೆ ಸರ್ಕಾರದ್ದು, ನಡುಮಹಡಿಯಲ್ಲಿ ಶಾಸನಸಭೆಯದ್ದು, ಮೇಲೆ ನ್ಯಾಯಾಲಯದ್ದು. ಮೇಲಿನ ನ್ಯಾಯಾಧೀಶರಂತೂ, "ಇವನು ಮಾಡಿದ್ದಾದ್ರೂ ಏನು?" ಎಂದು ತಲೆ ತಿಂದು, ಅರ್ಧ ಕಾಗದಗಳನ್ನು ವಾಪಸ್ ಕಳಿಸುತ್ತಿದ್ದರು.

"ಮೂರೂ ನನ್ನ ಡ್ರಾಯರಲ್ಲೇ ಇರ್ಲಿ ಸಾರ್, ಹತ್ತಿ ಇಳಿದು ಸಾಕಾಗಿದೆ," ಎಂದು ಹಲ್ಲು ಗಿಂಜಿದವನು ಇವನೇ. ಸರ್ಕಾರದ ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊಹರು ಕಳೆದುಕೊಂಡ ಮೇಲಿನವರು ಒಬ್ಬೊಬ್ಬರಾಗಿ ಮನೆ ಸೇರಿದರು.

ಇವತ್ತಿನ ಕಟ್ಟಿನಲ್ಲಿ ಏಳನೆಯ ಕಾಗದದ ಮೇಲೆ ಅವನ ಅಳಿಯನ ಹೆಸರಿತ್ತು. ಅಪರಾಧ ಬರೆಯುವ ಜಾಗ ಖಾಲಿಯಿತ್ತು.

"ಸಾರ್, ಇವನು ನನ್ನ ಮಗಳ ಗಂಡ. ಮಾಡಿದ್ದಾದ್ರೂ ಏನು?"

"ಅದನ್ನ ಕೇಳೋರು ಮೇಲಿದ್ರಲ್ಲ," ಎಂದರು ಸಾಹೇಬರು, ಕಣ್ಣೆತ್ತದೆ.

ಕಾಗದವನ್ನು ಮೇಜಿನ ಮೇಲೇ ಬಿಟ್ಟು ಗುಮಾಸ್ತ ಮೇಲೆ ಹತ್ತಿದ. ನ್ಯಾಯಾಧೀಶರ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಒಟ್ಟಿದ್ದರು. ಸ್ವಲ್ಪ ಹೊತ್ತು ನಿಂತು ಇಳಿದು ಬಂದ. ಮಂಡಿ ನೋಯುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಸಾಹೇಬರು ಅವನ ಡ್ರಾಯರು ಎಳೆದು, ಮೂರೂ ಮೊಹರುಗಳನ್ನು ತಾವೇ ಒತ್ತಿ, ಎಂಟನೆಯ ಕಾಗದ ಕೈಗೆತ್ತಿಕೊಂಡಿದ್ದರು.

"ನಿಮ್ಮ ಮಂಡಿಗ್ಯಾಕೆ ತೊಂದ್ರೆ ಅಂತ," ಎಂದರು.