ಬೊಂಬಾಯಿಯ ತುಪ್ಪಳ

ಕ್ಷೌರದ ಮುತ್ತ ನೀರು ತಟ್ಟಿ ತಟ್ಟಿ ರಾಜೀವನ ತಲೆ ನೆನೆಸುತ್ತಿದ್ದಾಗಲೇ ಅಂಗಳದಲ್ಲಿ ಗಲಾಟೆಯಾಯಿತು. ಚಾವಡಿಯಲ್ಲಿ ರಾಜೀವನ ತಾಯಿ ಅಪ್ಪಿಯ ಹೆಣ. ಆ ಚಾವಡಿಯ ಮೆಟ್ಟಿಲಿನಿಂದ ಸಣ್ಣ ನಾಯಿಯೊಂದನ್ನು ಚಂದಯ್ಯ ಕೋಲು ಹಿಡಿದು ಅಟ್ಟುತ್ತಿದ್ದರು. ಮೈಯೆಲ್ಲ ಬೋಳು, ಅಲ್ಲಲ್ಲಿ ಮೋಟು ಕೂದಲು, ಇಲಿಯಂಥ ಬಾಲ. ಅಟ್ಟಿದಷ್ಟೂ ಅದು ಒಂದು ಸುತ್ತು ಹಾಕಿ ಮತ್ತೆ ಅದೇ ಮೆಟ್ಟಿಲಿಗೆ ಬರುತ್ತಿತ್ತು.

“ಯಾರ್ ಮನಿ ಗಜ್ಜಿ ನಾಯಿ ಮಾರಾಯ್ರೆ ಇದ್?” ಎಂದರು ಚಂದಯ್ಯ. ಅಪ್ಪಿಯ ತಮ್ಮ ಅವರು. ಇವತ್ತಿನ ಯಜಮಾನಿಕೆ ಅವರದೇ. “ಅಕ್ಕ ಸಾಕಿದ್ ಬೊಂಬಾಯಿ ಎಲ್ಲಿಗ್ ಹೋಯ್ತೋ, ಈ ಗಜ್ಜಿ ಬಂತ್ ಕಾಣಿ.”

ಮುತ್ತ ಕತ್ತಿ ಮಸೆಯುವುದನ್ನು ನಿಲ್ಲಿಸಿ ರಾಜೀವನ ಮುಖ ನೋಡಿದ. ಸಂಗತಿ ಗೊತ್ತಿದ್ದವರು ಮೂವರೇ: ರಾಜೀವ, ಅವನ ತಂಗಿ ಗುಲಾಬಿ, ಹಳೆಯ ಕ್ಷೌರದ ಮಿಷನ್ನು ಎರವಲು ಕೊಟ್ಟಿದ್ದ ಈ ಮುತ್ತ.

* * *

ಅರವತ್ತನೆಯ ಇಸವಿಯಲ್ಲಿ ರಾಜೀವ ಬೊಂಬಾಯಿಯ ಹೋಟೆಲಿನಿಂದ ರಜೆಗೆ ಬರುವಾಗ ಬುಟ್ಟಿಯಲ್ಲಿ ಒಂದು ಪಮೇರಿಯನ್ ಮರಿ ತಂದಿದ್ದ. ದಿನಾ ಚಾ ಕುಡಿಯಲು ಬರುತ್ತಿದ್ದ ಪಾರ್ಸಿ ಅಜ್ಜಿ ಕೊಟ್ಟದ್ದು. ಹಿಡಿಯಷ್ಟು ಪ್ರಾಣಿ, ಮನೆತುಂಬ ಪೊಗರು. ತಮ್ಮೂರು ತ್ರಾಸಿಯ ರಸ್ತೆಯಲ್ಲಿ ಒಂದು ಬಸ್ಸೂ ಅದರ ಬೈಗುಳ ತಿನ್ನದೆ ದಾಟಲಿಲ್ಲ. ಬೊಂಬಾಯಿಯಿಂದ ಬಂದದ್ದಕ್ಕೆ ಊರವರು ಬೊಂಬಾಯಿ ಅಂತಲೇ ಕರೆದರು.

“ನಾಯಿ ಅಂದ್ರೆ ಅಂಗಳ್ದಾಗೆ ಇರ್ಕ್” ಎಂದಿದ್ದ ಅಪ್ಪಿ ತಿಂಗಳೊಳಗೆ ಅದನ್ನು ತನ್ನ ಕಾಲಬುಡದಲ್ಲಿ ಮಲಗಿಸಿಕೊಂಡಳು. ಬಂಗುಡೆಯ ಮುಳ್ಳು ಬಿಡಿಸಿ ಅನ್ನ ಕಲಸಿದಳು. ದಿನಾ ಬೆಳಿಗ್ಗೆ ತನ್ನದೇ ಮರದ ಬಾಚಣಿಗೆಯಿಂದ ಅದರ ಬಿಳಿ ತುಪ್ಪಳವನ್ನು ಬುಡದಿಂದ ಬಿಡಿಸಿ ಬಾಚುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಲೋಕ ಕತ್ತಲಾದ ಮೇಲೂ ಬಾಚುವುದು ನಿಲ್ಲಲಿಲ್ಲ. ಕೈಗೆ ಆ ತುಪ್ಪಳ ಸಿಕ್ಕಿದರೆ ಅವಳಿಗೆ ಬೆಳಗಾಯಿತೆಂದು ಲೆಕ್ಕ.

* * *

ಈ ಬೇಸಗೆಯಲ್ಲಿ ರಾಜೀವ ಬಂದಾಗ ನಾಯಿ ನಾಲಗೆ ಚಾಚಿ ಏದುಸಿರು ಬಿಡುತ್ತಿತ್ತು. ಅವನಿಗೆ ನಿಜಕ್ಕೂ ಕನಿಕರವಾಯಿತು. “ಬುಡದಿಂದ ತೆಗಿಬೇಡಿ. ಆ ತುಪ್ಪಳವೇ ಅದ್ಕೆ ನೆರಳ್” ಎಂದು ಮುತ್ತ ಹೇಳಿದ್ದ. ಆದರೆ ಬೊಂಬಾಯಿ ಕಂಡವನಿಗೆ ತ್ರಾಸಿಯ ಕ್ಷೌರದವನ ಮಾತು ಕಿವಿಗೆ ಹೋಗುತ್ತದೆಯೇ? ಹಿತ್ತಲಲ್ಲಿ ಕೂತು ತಾನೇ ಬೋಳಿಸಿದ. ಗುಲಾಬಿ ಬಂದು ನೋಡುವಷ್ಟರಲ್ಲಿ ಕೆಂಪು ಚರ್ಮ ಕಾಣುತ್ತಿತ್ತು. ಅಂದಿನಿಂದ ನಾಯಿ ಬೊಗಳುವುದನ್ನೇ ಬಿಟ್ಟಿತು. ಬೊಗಳಿದ್ದರಾದರೂ ಗುರುತು ಸಿಗುತ್ತಿತ್ತು.

ಮರುದಿನ ಬಾಚಣಿಗೆ ಹಿಡಿದ ಅಪ್ಪಿಯ ಕೈ ಅದರ ಬೆನ್ನ ಮೇಲೆ ಗಕ್ಕನೆ ನಿಂತಿತು.

“ಇದ್ ಯಾರ್ ಮನಿದ್? ನನ್ ಬೊಂಬಾಯಿ ಎಲ್ಲಿತ್ ಮಗಾ?”

ನಲವತ್ತು ದಾಟಿದ ಮಗ ತಾಯಿಯ ಬೈಗುಳಕ್ಕೆ ಹೆದರಿದ. “ಗಂಗೊಳ್ಳಿಯಾಗೆ ದೋಸ್ತಿ ಮನಿಯೊಳ್ಗಿತ್ತ್ ಅಬ್ಬಿ. ನಾಳಿಗೆ ತತ್ತೆ” ಎಂದುಬಿಟ್ಟ.

“ಅಣ್ಣಯ್ಯ, ಹೇಳಿಬಿಡ್” ಎಂದು ಗುಲಾಬಿ ದಿನಾ ಪೀಡಿಸಿದಳು. ನಾಳೆ ಹೇಳುತ್ತೇನೆಂದು ಅವನೂ ದಿನಾ ಅಂದ. ಅಷ್ಟರಲ್ಲಿ ಅಪ್ಪಿಗೆ ಜ್ವರ ಹಿಡಿಯಿತು. ಮಂಚದಿಂದ ಅವಳ ಕೈ ಕೆಳಗೆ ಜೋತುಬಿದ್ದಿರುತ್ತಿತ್ತು. ನಾಯಿ ಬಂದು ಆ ಕೈಯಡಿ ಮೂತಿ ಇಟ್ಟಾಗಲೆಲ್ಲ ಅವಳು ದೂಡುತ್ತಿದ್ದಳು.

“ನೀ ಹೋಗ್. ನನ್ ನಾಯಿ ಬತ್ತ್.”

ಹತ್ತೊಂಬತ್ತು ದಿನ ಹಾಗೇ ಕಳೆಯಿತು. ನಿನ್ನೆ ಸಂಜೆಯೂ ಅವಳು ಅದನ್ನೇ ಹೇಳಿ ಕಣ್ಣು ಮುಚ್ಚಿದ್ದಳು.

* * *

ಚಂದಯ್ಯ ಕೋಲು ಎತ್ತಿದರು. ರಾಜೀವ ಮಣೆಯಿಂದ ಎದ್ದ. ಒದ್ದೆ ಕೂದಲಿಂದ ನೀರು ಕಣ್ಣಿಗೆ ಇಳಿಯುತ್ತಿತ್ತು.

“ಹೊಡಿಬೇಡಿ ಮಾವ. ಅದೇ ಬೊಂಬಾಯಿ. ನಾನೇ ಬೋಳ್ಸಿದ್ದ್.”

ಚಂದಯ್ಯ ಕೋಲು ಇಳಿಸಿದರು.

“ಅಕ್ಕನ ಹತ್ರ ಹೇಳಿದ್ಯಾ?”

“ಇಲ್ಲ ಮಾವ. ಸುಳ್ಳ್ ಹೇಳ್ದೆ.”

ಒಳಗೆ ಗುಲಾಬಿಯ ಅಳು ಕೇಳಿಸಿತು. ಚಂದಯ್ಯ ಬೈದಿದ್ದರೆ ರಾಜೀವನಿಗೆ ಹಗುರವಾಗುತ್ತಿತ್ತು. ಅವರು ಕೋಲನ್ನು ಗೋಡೆಗೆ ಒರಗಿಸಿ, “ಕೂಕೋ. ತಲಿ ಕೆಲ್ಸ ಮುಗೀಲಿ, ಹೊತ್ತಾಯ್ತ್” ಎಂದರಷ್ಟೆ.

ಬೆಂಕಿ ಕೊಡುವ ಮಗನ ತಲೆಯಲ್ಲಿ ಒಂದು ಎಳೆ ಉಳಿಯಬಾರದು. ಮುತ್ತ ಬುಡಮಟ್ಟ ಬೋಳಿಸಿದ. ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡು ಬಂದವನನ್ನು ನೋಡಿ ಶಂಕರನಾರಾಯಣ ಊರಿಂದ ಬಂದ ಮುದುಕಿಯೊಬ್ಬಳು, “ಇವ ಯಾರ್?” ಎಂದು ಪಕ್ಕದವಳನ್ನು ಕೇಳಿದಳು.

ರಾಜೀವ ತಾಯಿಯ ಬಾಯಿಗೆ ತುಳಸಿ ನೀರು ಬಿಡಲು ಬಾಗಿದ. ನಾಯಿ ಮೆಟ್ಟಿಲು ಹತ್ತಿತು. ಈಗ ಯಾರೂ ತಡೆಯಲಿಲ್ಲ. ಅವನ ಬೋಳುತಲೆಯನ್ನು ಒಮ್ಮೆ ಮೂಸಿತು. ಗುರುತು ಹಿಡಿಯಲು ಅದಕ್ಕೆ ಅರೆಗಳಿಗೆಯೂ ಬೇಕಾಗಲಿಲ್ಲ, ಹಣೆಯ ನೀರನ್ನು ಎರಡು ಸಲ ನೆಕ್ಕಿತು. ಆಮೇಲೆ ಅವನನ್ನು ಬಿಟ್ಟು ಆಚೆಗೆ ಹೋಗಿ ಅಪ್ಪಿಯ ಬಲಗೈಯಡಿ ಮೂತಿ ತೂರಿಸಿತು.

ಆ ಕೈ ಈ ಸಲ ದೂಡಲಿಲ್ಲ.