ಅಲ್ಲಾಡಬೇಡ

"ಏ ದರಿದ್ರದವಳೇ, ಅಲ್ಲಾಡಬೇಡ ಅಂದ್ರೆ ಅರ್ಥ ಆಗಲ್ವಾ? ಕತ್ತೆಗಾದ್ರೂ ಬುದ್ಧಿ ಇರುತ್ತೆ!"

ಕೆಸರಿಗೆ ಹಾಸಿದ ಹಲಗೆಯ ಮೇಲೆ ಬೂಟುಗಾಲಲ್ಲಿ ನಿಂತು ರತ್ನಾಕರ ಸಾಹೇಬರು ಕೂಗಿದರು. ನಾನು ಗೋದಾವರಿಯ ಹಿನ್ನೀರಿನಲ್ಲಿ, ಮೊಣಕಾಲುದ್ದ ಕೆಸರಲ್ಲಿದ್ದೆ. ಕೈಯಲ್ಲಿ ತಳವಿಲ್ಲದ ಡಬ್ಬಿ. ಕೆಸರಿನಿಂದ ಏಳುವ ಗ್ಯಾಸನ್ನು ಅದರಲ್ಲಿ ಹಿಡಿದು ಅಳೆಯುತ್ತಾರಂತೆ. ಆ ಗ್ಯಾಸಿನಿಂದಲೇ ಭೂಮಿ ಬಿಸಿಯಾಗುತ್ತದಂತೆ. ಸಾಹೇಬರು ಕೊಂಕಣದ ಕಡಲಂಚಿನ ಜೌಗು ಅಳೆದು ಮುಗಿಸಿ ನಾಶಿಕ್‌ಗೆ ಬಂದವರು. ಒಂದು ಡಬ್ಬಿಗೆ ಅರ್ಧ ತಾಸು. ಜಿಗಣೆ ಕಚ್ಚಿದರೂ ಕೈ ಬಿಡುವಂತಿಲ್ಲ.

ಕನ್ನಡದ ಸಾಹೇಬ ಅಂತ ಮೊದಲ ದಿನ ಹಿಗ್ಗಿದ್ದೆ. ಥೂ, ಆ ಹಿಗ್ಗಿಗೆ ಬೆಂಕಿ ಬಿತ್ತು. ಬೈಗುಳ ಒಂದೂ ಬಿಡದೆ ತಿಳಿಯಿತು, ಅಷ್ಟೇ.

ನಾವು ಕಲಬುರಗಿ ಕಡೆಯವರು. ಇಪ್ಪತ್ತು ವರ್ಷದಿಂದ ಈ ದಂಡೆಯ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದೇವೆ.

ಮೂರನೇ ತಿಂಗಳು ಸಾಹೇಬರು ಹೇಳಿದರು: "ನಿಮ್ಮ ಗುಡಿಸಲ ಮುಂದಿನ ಜೊಂಡೇ ಎಲ್ಲಕ್ಕಿಂತ ಹೆಚ್ಚು ಗ್ಯಾಸ್ ಬಿಡುತ್ತೆ. ಸರ್ಕಾರದವರು ಮಣ್ಣು ಹಾಕಿ ಮುಚ್ಚಿಸ್ತಾರೆ."

ಬೇರೆ ಕಡೆಗಳಲ್ಲಿ ಅವರ ಜನ ದೋಣಿಯಿಂದ ಡಬ್ಬಿ ಇಟ್ಟಿದ್ದರು. ಇಲ್ಲಿ ಇಟ್ಟವಳು ನಾನು. ಜೊಂಡಿನಲ್ಲಿ ನಿಲ್ಲುವ ಮುಂಚೆ ಮೂರು ಸಲ ಕೆಸರು ತುಳಿಯುತ್ತೇವೆ, ಹಾವು ಸರಿಯಲಿ ಅಂತ. ಅತ್ತೆ ಕಲಿಸಿದ್ದು. ತುಳಿದರೆ ಬಹಳ ಹೊತ್ತು ಬುಳುಬುಳು ಗುಳ್ಳೆ ಏಳುತ್ತವೆ. ಸಾಹೇಬರು ಜೀಪಿನಲ್ಲಿ ಚಹಾ ಕುಡಿಯುವಾಗ ನಾನು ದಿನಾ ತುಳಿದೇ ಡಬ್ಬಿ ಇಟ್ಟಿದ್ದೆ. ನನ್ನ ಕಾಲೇ ನನ್ನ ಮನೆ ಮುರಿಯಿತಲ್ಲ!

"ಸಾಹೇಬ್ರ, ತಪ್ಪಾಗ್ಯಾದ್ರಿ. ಹಾವಿಗಂಜಿ ನಾ ಕೆಸರು ತುಳೀತಿದ್ದೆ. ಅದು ನಾ ಎಬ್ಬಿಸಿದ ಗ್ಯಾಸ್ ಅದರಿ. ಇನ್ನೊಮ್ಮಿ ಅಳೀರಿ, ತುಳಿಯಂಗಿಲ್ಲ. ಹಾವು ಕಡದ್ರ ಕಡೀಲಿ."

ಸಾಹೇಬರ ಮುಖ ಬಿಳಿಚಿತು.

"ವರದಿ ಹೋಗಾಯ್ತು. ಬಾಯಿ ಬಿಟ್ರೆ ನಿನ್ನ ಮೇಲೇ ಕೇಸ್ ಹಾಕಿಸ್ತೀನಿ, ಮುಂಡೇದೇ."

ಮನೆಯಲ್ಲಿ ಗಂಡ ಖಂಡಪ್ಪ ಚಾಪೆ ಸುತ್ತುತ್ತಿದ್ದ. "ನಡಿ ಕಸ್ತೂರಿ, ಮನ್ಮಾಡಿಗಿ ಹೋಗಮು. ಹಮಾಲಿ ಸಿಗ್ತದ. ಸಾಕಾಗ್ಯಾದ."

ನನಗೂ ಸಾಕಾಗಿತ್ತು, ದೇವರಾಣೆ. ಆದರೆ ಕಾಲು ಏಳಲಿಲ್ಲ.

ಸೋಮವಾರ ಮಣ್ಣಿನ ಟಿಪ್ಪರ್ ಬಂದವು. ನಾನು ತುಳಿಯದೆ, ಮೆಲ್ಲಗೆ ಜೊಂಡಿಗಿಳಿದೆ. ಹಿಂದೆ ನೆರೆಮನೆಯ ಸುಶೀಲಾಬಾಯಿ ಇಳಿದಳು. ಆಮೇಲೆ ಖಂಡಪ್ಪ, ಗೊಣಗುತ್ತಲೇ.

ಮೊದಲ ಟಿಪ್ಪರ್ ಹಿಂದಕ್ಕೆ ಸರಿಯುತ್ತ ಬಂದು ನಮ್ಮ ಮುಂದೆ ನಿಂತಿತು.

"ಏಯ್, ಹೊರಗೆ ಬಾ! ಸಾಯ್ತೀಯಾ?" ಸಾಹೇಬರು ಹಲಗೆಯಿಂದ ಕಿರುಚಿದರು.

"ಅಲ್ಲಾಡಬ್ಯಾಡ ಅಂದವ್ರು ನೀವಽ ಅಲ್ರೀ," ಎಂದೆ. "ನಿಂತೀನಿ. ತರ್ರಿ ನಿಮ್ಮ ಡಬ್ಬಿ. ಈಗ ಅಳೀರಿ."

ಡ್ರೈವರ್ ಎಂಜಿನ್ ಆರಿಸಲಿಲ್ಲ. ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.